ಒಳ್ಳೆಯ ಮನಸ್ಸೊಂದೇ ಸಾಲದು
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಎಸ್.ಎಸ್.ಎಲ್.ಸಿ. ಉತ್ತರ ಪತ್ರಿಕೆಯಲ್ಲಿ ಹೆಸರು ಬರೆಯುವಂತಿಲ್ಲ, ನೋಂದಣಿ ಸಂಖ್ಯೆ ಮಾತ್ರ. ಈ ನಿಯಮ ಯಾಕೆ ಬೇಕು? ತಿದ್ದುವ ಮೇಷ್ಟ್ರು ಕೆಟ್ಟವರೆಂದಲ್ಲ, ಮನುಷ್ಯನ ಮನಸ್ಸೇ ಹಾಗೆ.

ಪರಿಚಿತರ ಕಡೆ ವಾಲುವುದು ನಮ್ಮ ಹುಟ್ಟುಗುಣ. 2005ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದರಲ್ಲಿ, ಆಗತಾನೇ ಹುಟ್ಟಿದ ಬಿಳಿಯರ ಕೂಸುಗಳು ಎಲ್ಲ ಜನಾಂಗದ ಮುಖಗಳನ್ನೂ ಒಂದೇ ತೆರನಾಗಿ ನೋಡಿದವು. ಮೂರು ತಿಂಗಳ ಕೂಸುಗಳು ತಮ್ಮವರಂಥ ಮುಖವನ್ನೇ ಹೆಚ್ಚು ಹೊತ್ತು ನೋಡಿದವು. ವಾಲುವ ಗುಣ ಹುಟ್ಟಿನಿಂದ ಬಂದರೂ, ಯಾರ ಕಡೆ ಎಂಬುದನ್ನು ಕಲಿಸುವುದು ಮನೆ, ಕೇರಿ, ಊರು.

ರೇಮಾ ಹನ್ನಾ ಮತ್ತು ಲೀ ಲಿಂಡೆನ್ ಎಂಬ ಅರ್ಥಶಾಸ್ತ್ರಜ್ಞರು ಭಾರತದಲ್ಲಿ ಮಕ್ಕಳ ಉತ್ತರ ಪತ್ರಿಕೆಗಳ ಮೇಲೆ, ಚೀಟಿ ಎತ್ತಿದ ಹಾಗೆ, ಯಾವುದೋ ಒಂದು ಜಾತಿ ನಮೂದಿಸಿ ಶಿಕ್ಷಕರಿಗೆ ತಿದ್ದಲು ಕೊಟ್ಟರು. 2012ರಲ್ಲಿ ಫಲಿತಾಂಶ ಪ್ರಕಟವಾಯಿತು. ಕೆಳಜಾತಿ ಎಂದು ನಮೂದಾದ ಪತ್ರಿಕೆಗಳಿಗೆ ಅಂಕ ತುಸು ಕಡಿಮೆ ಬಿದ್ದಿತ್ತು. ಹಾಗೆ ಕಡಿಮೆ ಕೊಟ್ಟವರು ಹೆಚ್ಚಾಗಿ ಕೆಳಜಾತಿ ಎನಿಸಿಕೊಂಡ ಸಮುದಾಯಗಳ ಶಿಕ್ಷಕರೇ! ಊರು ಆಡುವ ಮಾತು ಎಲ್ಲರೊಳಗೂ ಇಳಿದಿರುತ್ತದೆ. ವ್ಯತ್ಯಾಸ ಸಣ್ಣದೇ ಇರಬಹುದು. ಪಾಸು-ಫೇಲಿನ ಗೆರೆಯ ಮೇಲೆ ನಿಂತ ಮಗುವಿಗೆ ಅದು ಸಣ್ಣದಲ್ಲ.

ನನ್ನ ಕಸುಬಿನ ಮಾತಿಗೆ ಬರುತ್ತೇನೆ. ಕಂಪ್ಯೂಟರಿಗೆ ಭೇದಭಾವ ಇಲ್ಲ ಎಂದು ಹಲವರ ನಂಬಿಕೆ. ಅಮೆಜಾನ್ ಕಂಪನಿ ಕೆಲಸದ ಅರ್ಜಿಗಳನ್ನು ಆರಿಸಲು ಒಂದು ತಂತ್ರಾಂಶ ರೂಪಿಸುತ್ತಿತ್ತು. ಅದಕ್ಕೆ ಪಾಠವಾಗಿ ಕೊಟ್ಟದ್ದು ಹತ್ತು ವರ್ಷಗಳ ಹಳೆಯ ಅರ್ಜಿಗಳನ್ನು. ಅವುಗಳಲ್ಲಿ ಹೆಚ್ಚಿನವು ಗಂಡಸರವು. 'ಮಹಿಳೆಯರ' ಎಂಬ ಪದ ಕಂಡರೆ ಸಾಕು, ಅದು ಅರ್ಜಿಯ ಅಂಕ ಇಳಿಸತೊಡಗಿತು. ಕಂಪನಿ ಅದನ್ನು ಕೈಬಿಟ್ಟಿತೆಂದು 2018ರಲ್ಲಿ ಸುದ್ದಿಯಾಯಿತು. ನಾವು ಉಣಿಸಿದ್ದನ್ನೇ ಯಂತ್ರ ಕಲಿಯುತ್ತದೆ. ಮಕ್ಕಳೂ ಅಷ್ಟೇ.

'ನಾನು ಭೇದ ಮಾಡುವವನಲ್ಲ' ಎಂದುಕೊಂಡರೆ ಭೇದ ಹೋಗುವುದಿಲ್ಲ. ಒಳ್ಳೆಯ ಮನಸ್ಸಿಗೂ ನಿಯಮದ ಊರುಗೋಲು ಬೇಕು. ಗುರುಗಳಲ್ಲಿ ನನ್ನ ವಿನಂತಿ: ಶಾಲೆಯ ಕಿರುಪರೀಕ್ಷೆಗಳನ್ನೂ ಹೆಸರು ಮುಚ್ಚಿ ತಿದ್ದಿ. ಮುಂದಿನ ಬೆಂಚು, ಕಸ ಗುಡಿಸುವ ಕೆಲಸ, ವೇದಿಕೆಯ ಮೇಲೆ ಮಾತಾಡುವ ಅವಕಾಶ, ಎಲ್ಲವೂ ಸರದಿಯಂತೆ ಎಲ್ಲ ಮಕ್ಕಳಿಗೂ ಬರಲಿ. ಕೆಲಸಕ್ಕೆ ಜನರನ್ನು ಆರಿಸುವ ಸ್ಥಾನದಲ್ಲಿರುವ ಗೆಳೆಯರೇ, ಮೊದಲು ಅವರ ಕೆಲಸ ನೋಡಿ, ಆಮೇಲೆ ಹೆಸರು, ಊರು ಕೇಳಿ. ಹಿರಿಯರೇ, ಮಕ್ಕಳು ಎಲ್ಲರ ಮನೆಯಲ್ಲೂ ಆಡಿ, ಉಂಡು ಬೆಳೆಯಲು ಬಿಡಿ. ಆಗ ಅವರಿಗೆ 'ನಮ್ಮವರು' ಎಂದರೆ ಇಡೀ ಊರು.