ಬಿಳಿನೊರೆಯ ಕೆಳಗಣ ಮೀನು

(ಶತಮಾನೋತ್ಸವದ ವಿಜ್ಞಾನ ಉಪನ್ಯಾಸಮಾಲೆಯಲ್ಲಿ ಮುಖ್ಯಾಧ್ಯಾಪಕಿಯವರು ಮಾಡಿದ ಭಾಷಣ)



ಇಂದಿನ ಉಪನ್ಯಾಸಕ್ಕೆ ನಾವು ಆಯ್ದುಕೊಂಡ ವಿಷಯವನ್ನು ಕೇಳಿ ಕೆಲವರು ನಕ್ಕದ್ದುಂಟು. ಅಣೆಕಟ್ಟಿನ ಕೆಳಗಣ ಮೀನುಗಳು ಗಾಳಿ ಹೆಚ್ಚಾಗಿ ಸಾಯುತ್ತವೆಂಬುದು ಒಮ್ಮೆಲೇ ನಂಬತಕ್ಕ ಮಾತೂ ಅಲ್ಲ. ಈ ವಿಷಯದ ಕಡೆಗೆ ನಮ್ಮನ್ನು ತಿರುಗಿಸಿದವಳು ಏಳನೆಯ ತರಗತಿಯ ಬಾಲಕಿಯೊಬ್ಬಳು. ಉಜನಿಯಿಂದ ಭೀಮೆಗೆ ನೀರು ಬಿಟ್ಟ ದಿನಗಳವು. ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಮೀನು ಕಿವಿರುಗಳ ಮೂಲಕ ಹೀರಿಕೊಳ್ಳುತ್ತದೆಂದು ನಾವು ಪಾಠ ಮಾಡುತ್ತಿದ್ದಾಗ ಆಕೆ ಎದ್ದು ನಿಂತು, "ಅಕ್ಕೋರ, ಹಂಗಾದ್ರ ಡ್ಯಾಮಿನ ಕೆಳಗ ನೊರಿ ಏಳೂ ನೀರಾಗ ಮೀನಕ್ಕ ಭಾಳ ಛಲೋ ಅಲ್ಲೇನ್ರಿ?" ಎಂದಳು. ಹೌದೆಂದು ಹೇಳಿ ಕುಳ್ಳಿರಿಸಿದೆವು. ಆ ಉತ್ತರ ತಪ್ಪಾಗಿತ್ತು. ಅದನ್ನು ತಿದ್ದಿಕೊಳ್ಳುವುದಕ್ಕಾಗಿ ಓದಿದ್ದನ್ನೇ ಇಂದು ತಮ್ಮ ಮುಂದಿಡುತ್ತೇವೆ.

ಜಾತ್ರೆಯ ಗೋಲಿ ಸೋಡಾ ಎಲ್ಲರಿಗೂ ನೆನಪಿರಬೇಕು. ಬಾಟಲಿಯೊಳಗೆ ಒತ್ತಡವಿರುವವರೆಗೆ ನೀರು ತಿಳಿಯಾಗಿಯೇ ಕಾಣುತ್ತದೆ. ಗೋಲಿಯನ್ನು ಒತ್ತಿದೊಡನೆ ಗುಳ್ಳೆಗಳೇಳುತ್ತವೆ. ಒತ್ತಡ ಹೆಚ್ಚಿದಷ್ಟೂ ದ್ರವದಲ್ಲಿ ಅನಿಲ ಹೆಚ್ಚು ಕರಗುತ್ತದೆಂಬ ಈ ನಿಯಮವನ್ನು 1803ರಲ್ಲಿ ವಿಲಿಯಂ ಹೆನ್ರಿ ಎಂಬ ಇಂಗ್ಲೆಂಡಿನ ವಿಜ್ಞಾನಿ ನಿರೂಪಿಸಿದನು. ಅಣೆಕಟ್ಟಿನ ಕೋಡಿಯಿಂದ ಧುಮುಕುವ ನೀರು ಗಾಳಿಯ ಗುಳ್ಳೆಗಳನ್ನು ತನ್ನೊಡನೆ ಕೆಳಗಣ ಮಡುವಿನ ಆಳಕ್ಕೆ ಎಳೆದೊಯ್ಯುತ್ತದೆ. ಹತ್ತು ಮೀಟರು ಆಳದಲ್ಲಿ ಒತ್ತಡವು ಮೇಲ್ಮೈಯ ಎರಡರಷ್ಟು. ಅಲ್ಲಿ ಗುಳ್ಳೆಗಳು ಕರಗಿಹೋಗುತ್ತವೆ. ಅದೇ ನೀರು ಮೇಲೆದ್ದು ಬಂದಾಗ ತನ್ನ ಅಳತೆಗೆ ಮೀರಿದ ಗಾಳಿಯನ್ನು ಹೊತ್ತಿರುತ್ತದೆ. ಇದನ್ನೇ ಅತಿಪರ್ಯಾಪ್ತ ಸ್ಥಿತಿ ಎನ್ನುವುದು. ನೊರೆ ಇಳಿದ ಮೇಲೆ ನೀರು ತಿಳಿಯಾಗಿ ಕಾಣುತ್ತದೆ, ಆದರೆ ಹೆಚ್ಚುವರಿ ಗಾಳಿ ಅದರಲ್ಲಿ ಹಾಗೆಯೇ ಉಳಿದಿರುತ್ತದೆ.

ಮೀನು ಆ ನೀರನ್ನು ಉಸಿರಾಡಿದಾಗ ಗಾಳಿಯು ಕಿವಿರುಗಳ ಮೂಲಕ ರಕ್ತಕ್ಕೆ ಸೇರುತ್ತದೆ. ಆಮ್ಲಜನಕವನ್ನು ಮೈ ಬಳಸಿಕೊಂಡೀತು. ಸಾರಜನಕವನ್ನು ಏನು ಮಾಡಬೇಕು? ಅದು ಗುಳ್ಳೆಯಾಗಿ ಹೊರಬರುತ್ತದೆ, ಆದರೆ ಮೈಯೊಳಗೇ. ಈಜುರೆಕ್ಕೆಗಳ ಕಡ್ಡಿಗಳ ನಡುವೆ, ಚರ್ಮದಡಿ, ಕಣ್ಣಿನ ಹಿಂದೆ ಗುಳ್ಳೆಗಳು ಮೂಡುತ್ತವೆ. ಕಣ್ಣು ಹೊರಚಾಚಿ ಕೆಲವು ಮೀನುಗಳು ಕುರುಡಾಗುತ್ತವೆ. ಕಿವಿರಿನ ಸೂಕ್ಷ್ಮ ರಕ್ತನಾಳಗಳಲ್ಲಿ ಗುಳ್ಳೆ ಸಿಕ್ಕಿಕೊಂಡರೆ ರಕ್ತಸಂಚಾರ ನಿಂತು, ಗಾಳಿ ತುಂಬಿದ ನೀರಿನಲ್ಲಿಯೇ ಮೀನು ಉಸಿರುಗಟ್ಟಿ ಸಾಯುತ್ತದೆ. ಆಳಸಮುದ್ರದಿಂದ ಥಟ್ಟನೆ ಮೇಲೆ ಬಂದ ಮುಳುಗುಗಾರನಿಗೆ ಒದಗುವ ವಿಪತ್ತಿಗೂ ಇದಕ್ಕೂ ಹತ್ತಿರದ ನಂಟು.

ಇದು ಎಲ್ಲರ ಕಣ್ಣಿಗೆ ಬಿದ್ದದ್ದು ಉತ್ತರ ಅಮೆರಿಕದ ಕೊಲಂಬಿಯಾ ನದಿಯಲ್ಲಿ. ಕೆನಡಾದಲ್ಲಿ ಹುಟ್ಟಿ ಪೆಸಿಫಿಕ್ ಸಾಗರವನ್ನು ಸೇರುವ ಆ ನದಿ ಸಾಮನ್ ಮೀನಿನ ತವರು. ಸಾಮನ್ ಉಪನದಿಗಳ ಸಿಹಿನೀರಿನಲ್ಲಿ ಹುಟ್ಟಿ, ಕಡಲಿನಲ್ಲಿ ಬೆಳೆದು, ಮೊಟ್ಟೆಯಿಡಲು ಪ್ರವಾಹಕ್ಕೆ ಎದುರಾಗಿ ಹುಟ್ಟಿದೆಡೆಗೇ ಮರಳುತ್ತದೆ. ಅಲ್ಲಿನ ಮೂಲನಿವಾಸಿಗಳ ಊಟಕ್ಕೂ ಆಚರಣೆಗೂ ಅದೇ ಆಧಾರ. ಅವರು ತಲತಲಾಂತರದಿಂದ ಮೀನು ಹಿಡಿಯುತ್ತಿದ್ದ ಸೆಲೈಲೊ ಜಲಪಾತವು 1957ರಲ್ಲಿ ದಿ ಡಾಲ್ಸ್ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತು. ಮುಳುಗಡೆಯ ನೋವನ್ನು ಈ ಸಭೆಗೆ ವಿವರಿಸಬೇಕಾಗಿಲ್ಲ.

ಹಿಂದೆ ಆ ನದಿಯಲ್ಲಿ ಬಂಡೆಗಳ ಮೇಲೆ ಹರಡಿ ಹರಿಯುವ ಆಳವಿಲ್ಲದ ನೀರಿನಿಂದ ಹೆಚ್ಚಿನ ಗಾಳಿ ಹೊರಟುಹೋಗುತ್ತಿತ್ತು. ಅಣೆಕಟ್ಟಿನ ಕೆಳಗೆ ಮತ್ತೊಂದು ಅಣೆಕಟ್ಟಿನ ಹಿನ್ನೀರೇ ನಿಂತ ಮೇಲೆ ಅದಕ್ಕೆ ಆಸ್ಪದವಿಲ್ಲದಾಯಿತು. ಕೊಲಂಬಿಯಾದ ಕೆಳಭಾಗದಲ್ಲಿ ನಾಲ್ಕು, ಅದರ ಉಪನದಿಯಾದ ಸ್ನೇಕ್ ನದಿಯಲ್ಲಿ ನಾಲ್ಕು, ಹೀಗೆ ಎಂಟು ಕಟ್ಟೆಗಳನ್ನು ದಾಟಿ ಐಡಾಹೊ ಪ್ರಾಂತದ ಸಾಮನ್ ತನ್ನೂರಿಗೆ ಹೋಗಬೇಕು. 1968ರ ವಸಂತದಲ್ಲಿ ಜಾನ್ ಡೇ ಅಣೆಕಟ್ಟಿನಲ್ಲಿ ನೀರು ನಿಂತಿತ್ತು, ಟರ್ಬೈನುಗಳು ಇನ್ನೂ ತಿರುಗತೊಡಗಿರಲಿಲ್ಲ. ಹಿಮ ಕರಗಿ ಬಂದ ನೀರೆಲ್ಲವೂ ಕೋಡಿಯಿಂದಲೇ ಧುಮುಕಿತು. ಕರಗಿದ ಸಾರಜನಕದ ಪ್ರಮಾಣ ಶೇಕಡಾ 120ನ್ನು ಮೀರಿತು. ಮೊಟ್ಟೆಯಿಡಲು ಹೊರಟಿದ್ದ ಬೆಳೆದ ಸಾಮನ್‌ಗಳು ಸತ್ತು ತೇಲಿದವು.

ಆಳದಲ್ಲಿ ರಕ್ಷಣೆಯಿದೆ. ಒಂದೊಂದು ಮೀಟರು ಇಳಿದಂತೆ ಸುಮಾರು ಶೇಕಡಾ 10ರಷ್ಟು ಹೆಚ್ಚುವರಿ ಒತ್ತಡಕ್ಕೆ ಸರಿದೂಗುತ್ತದೆ. ಶೇಕಡಾ 120ರ ನೀರಿನಲ್ಲಿ ಎರಡು ಮೀಟರು ಕೆಳಗಿರುವ ಮೀನಿನ ಮೈಯಲ್ಲಿ ಗುಳ್ಳೆ ಏಳದು. ಆದರೆ ಮರಿಗಳು ಮೇಲ್ಪದರದಲ್ಲಿ ಸಾಗುತ್ತವೆ. ಅಣೆಕಟ್ಟನ್ನು ಹತ್ತಲೆಂದು ಕಟ್ಟಿದ ಮೀನಿನ ಮೆಟ್ಟಿಲುಗಳಲ್ಲಿಯೂ ಆಳವಿಲ್ಲ.

1970ರ ದಶಕದಿಂದ ಎಂಜಿನಿಯರರು ಕೋಡಿಯ ಇಳಿಜಾರಿನ ಬುಡದಲ್ಲಿ ಕಾಂಕ್ರೀಟಿನ ಚಾಚುತುಟಿಗಳನ್ನು ಕಟ್ಟತೊಡಗಿದರು. ನೀರು ಆಳಕ್ಕೆ ಧುಮುಕದೆ ಮೇಲ್ಮೈಯಲ್ಲಿಯೇ ಮುಂದಕ್ಕೆ ಚಿಮ್ಮುತ್ತದೆ. ಸರಳ ಉಪಾಯ, ನಮಗೆ ಬಹಳ ಮೆಚ್ಚುಗೆಯಾದದ್ದು. ಹಾಗೆಂದು ತೊಡಕು ತೀರಲಿಲ್ಲ. ಕಡಲಿಗೆ ಹೊರಟ ಮರಿಗಳು ಟರ್ಬೈನಿನೊಳಗೆ ಹೋದರೆ ಹಲವು ಪೆಟ್ಟುತಿಂದು ಸಾಯುತ್ತವೆ. ಕೋಡಿಯೇ ಅವುಗಳಿಗೆ ಉತ್ತಮವಾದ ದಾರಿ. ಕೋಡಿಯಿಂದ ನೀರು ಹೆಚ್ಚು ಬಿಟ್ಟರೆ ಗಾಳಿ ಹೆಚ್ಚುತ್ತದೆ, ವಿದ್ಯುತ್ತೂ ನಷ್ಟವಾಗುತ್ತದೆ. ಕಡಿಮೆ ಬಿಟ್ಟರೆ ಮರಿಗಳು ಯಂತ್ರದ ಪಾಲಾಗುತ್ತವೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಮಾನದಂಡ ಶೇಕಡಾ 110. ಮರಿಗಳಿಗಾಗಿ ವಾಷಿಂಗ್ಟನ್ ಮತ್ತು ಆರೆಗಾನ್ ರಾಜ್ಯಗಳು ಈ ಮಿತಿಯನ್ನು ಸಡಿಲಿಸುತ್ತ ಬಂದು, 2020ರ ವಸಂತದಲ್ಲಿ 125ರವರೆಗೆ ಒಪ್ಪಿದವು. ರೋಗವನ್ನು ತಿಳಿದೂ ಮಿತಿಯನ್ನು ಏರಿಸಿದರೇ ಎಂದು ಮೊದಲ ಓದಿನಲ್ಲಿ ನಮಗೆ ಸಿಟ್ಟು ಬಂದಿತ್ತು. ಟರ್ಬೈನಿನ ಸಂಗತಿ ತಿಳಿದ ಮೇಲೆ ಆ ಸಿಟ್ಟು ಇಳಿಯಿತು.

ಈ ಅಂಕಿಗಳನ್ನು ನಮ್ಮ ಭೀಮೆಗೆ ನೇರವಾಗಿ ತಂದು ಹಚ್ಚಲಾಗದು. ಕಟ್ಟೆಯ ಎತ್ತರ, ಮಡುವಿನ ಆಳ, ಮುಂದಿನ ಹರಿವು ಒಂದೊಂದು ನದಿಗೂ ಬೇರೆ ಬೇರೆ.

ಕೊಲಂಬಿಯಾದಲ್ಲಿ ವಸಂತದುದ್ದಕ್ಕೂ ಉಪಕರಣಗಳು ನೀರಿನ ಗಾಳಿಯನ್ನು ಅಳೆಯುತ್ತಿರುತ್ತವೆ. ಜೊತೆಗೆ ಮರಿಗಳನ್ನು ಹಿಡಿದು, ಮಂಪರು ಬರಿಸಿ, ಈಜುರೆಕ್ಕೆಗಳನ್ನೂ ಕಣ್ಣುಗಳನ್ನೂ ಭೂತಗನ್ನಡಿಯ ಕೆಳಗೆ ನೋಡುತ್ತಾರೆ. ನೂರರಲ್ಲಿ 15ಕ್ಕೆ ಗುಳ್ಳೆ ಕಂಡರೆ ಕೋಡಿಯ ನೀರನ್ನು ತಗ್ಗಿಸಬೇಕೆಂಬುದು ಅಲ್ಲಿ ಇಟ್ಟುಕೊಂಡ ಲೆಕ್ಕ.

ಇಷ್ಟನ್ನೂ ಓದಿಕೊಂಡು ಮರುವಾರ ತರಗತಿಗೆ ಹೋಗಿ, ಹಿಂದಿನ ನಮ್ಮ ಉತ್ತರ ತಪ್ಪೆಂದು ಆ ಬಾಲಕಿಗೆ ಎಲ್ಲರೆದುರಿನಲ್ಲಿಯೇ ಹೇಳಿದೆವು. ಆಕೆ ಪೂರ್ತಿ ಕೇಳಿಸಿಕೊಂಡು, "ನೋಡಿದ ಮ್ಯಾಲ ಆ ಮರಿ ಹೊಳ್ಳಿ ನೀರಿಗಿ ಬಿಡತಾರೇನ್ರಿ?" ಎಂದಳು. ಎಚ್ಚರವಾದ ಮೇಲೆ ಬಿಡುತ್ತಾರೆ ಎಂದೆವು. ಈ ಸಲದ ಉತ್ತರವನ್ನು ಮೊದಲೇ ಓದಿಕೊಂಡು ಹೋಗಿದ್ದೆವು.