ಹಾವಸೆಯೂ ಹತ್ತಿಯೂ



ಧಾರವಾಡ ಜಿಲ್ಲೆಯ ಪಶ್ಚಿಮಕ್ಕೆ, ಮಲೆನಾಡಿನ ಸೆರಗಿನಲ್ಲಿರುವ ಕಲಘಟಗಿಯಲ್ಲಿ ಮಳೆಗಾಲ ಬಂತೆಂದರೆ ಕಲ್ಲು, ಗೋಡೆ, ಮರದ ಬುಡಗಳ ಮೇಲೆ ಹಾವಸೆ ಹಸಿರು ಮಕಮಲ್ಲಿನಂತೆ ಹಬ್ಬುತ್ತದೆ. ಪೂರ್ವಕ್ಕೆ ಕುಂದಗೋಳ, ಅಣ್ಣಿಗೇರಿ, ನವಲಗುಂದದ ಎರೆಹೊಲಗಳತ್ತ ಸಾಗಿದಂತೆ ಅದು ಅಪರೂಪವಾಗುತ್ತದೆ. ಅಲ್ಲಿ ಕಣ್ಣಿಗೆ ಬೀಳುವುದು ಹತ್ತಿಯ ಹೂವು. ಹೀಗೇಕೆ?

ಮೊದಲು ದೇಹರಚನೆಯನ್ನು ಗಮನಿಸೋಣ. ಹತ್ತಿಯ ತಾಯಿಬೇರು ಎರೆಮಣ್ಣಿನ ಆಳದಲ್ಲಿ ಉಳಿದ ತೇವವನ್ನು ಹೀರುತ್ತದೆ. ನಾಳಗಳು ಅದನ್ನು ಎಲೆಗಳಿಗೆ ಏರಿಸುತ್ತವೆ. ಹಾವಸೆಗೆ ನಿಜವಾದ ಬೇರಿಲ್ಲ. ಕೂದಲಿನಂಥ ಎಳೆಗಳಿಂದ ಕಲ್ಲನ್ನು ಹಿಡಿದುಕೊಂಡು, ನೀರನ್ನು ಬಹುಮಟ್ಟಿಗೆ ಮೈಯಿಂದಲೇ ಹೀರುತ್ತದೆ. ಆದ್ದರಿಂದ ಅದು ಸಾಮಾನ್ಯವಾಗಿ ಕೆಲವೇ ಸೆಂಟಿಮೀಟರ್ ಎತ್ತರ ಬೆಳೆಯುತ್ತದೆ.

ಮುಖ್ಯ ವ್ಯತ್ಯಾಸವಿರುವುದು ಸಂತಾನೋತ್ಪತ್ತಿಯಲ್ಲಿ. ಹಾವಸೆಯ ಗಂಡು ಲಿಂಗಾಣುವಿಗೆ ಎರಡು ಬಾಲಗಳುಂಟು. ಅದು ನೀರಿನ ತೆಳು ಪದರದಲ್ಲಿ ಈಜಿ ಅಂಡವನ್ನು ಸೇರಬೇಕು. ನೀರಿಲ್ಲದಿದ್ದರೆ ಗರ್ಭಾಂಕುರವಿಲ್ಲ. ಹತ್ತಿಗೆ ಆ ಹಂಗಿಲ್ಲ. ಪರಾಗವು ಶಲಾಕಾಗ್ರದ ಮೇಲೆ ಬಿದ್ದು ನಳಿಕೆಯೊಂದನ್ನು ಬೆಳೆಸಿ, ಗಂಡು ಲಿಂಗಾಣುಗಳನ್ನು ಅಂಡದವರೆಗೆ ಒಯ್ಯುತ್ತದೆ. ಒಣ ಬಯಲಿನಲ್ಲಿಯೂ ಹೂಬಿಡುವ ಸಸ್ಯಗಳು ಗೆದ್ದಿರುವುದಕ್ಕೆ ಇದೊಂದು ದೊಡ್ಡ ಕಾರಣ.

ಹಾಗಾದರೆ ಇವೆರಡಕ್ಕೂ ಸಂಬಂಧವೇ ಇಲ್ಲವೇ? ಇದೆ. ನೀವು ಪಠ್ಯದಲ್ಲಿ ಓದುವ ಫ್ಯುನೇರಿಯಾ ಹಾವಸೆಯ ಹಸಿರು ಗಿಡ ಲಿಂಗಾಣುಗಳನ್ನು ಕೊಡುವ ಪೀಳಿಗೆ. ಅದರ ಜೀವಕೋಶಗಳಲ್ಲಿ ವರ್ಣತಂತುಗಳ ಒಂದೇ ಜೊತೆ ಇರುತ್ತದೆ. ಅದರ ತಲೆಯ ಮೇಲೆ ಕಡ್ಡಿಯಂತೆ ಎದ್ದು ಬೀಜಾಣುಗಳನ್ನು ಹೊತ್ತ ಸಂಪುಟವೇ ಎರಡು ಜೊತೆಗಳ ಇನ್ನೊಂದು ಪೀಳಿಗೆ. ಹತ್ತಿಯಲ್ಲಿ ಇದು ತಿರುಗುಮುರುಗು. ಇಡೀ ಗಿಡ ಎರಡನೆಯ ಪೀಳಿಗೆ. ಮೊದಲನೆಯದು ಪರಾಗದಲ್ಲಿಯೂ ಅಂಡಕದ ಒಳಗೂ ಕೆಲವೇ ಕೋಶಗಳಾಗಿ ಅಡಗಿದೆ. ಹಾವಸೆಯಿಂದ ಸೂಚಿಪರ್ಣಿ ಮರಗಳವರೆಗೆ ಇದೇ ಪೀಳಿಗೆಗಳ ಪರ್ಯಾಯ ಕ್ರಮ ನಡೆದುಬಂದಿದೆ ಎಂದು ಜರ್ಮನಿಯ ವಿಲ್ಹೆಲ್ಮ್ ಹಾಫ್‌ಮೈಸ್ಟರ್ 1851ರಲ್ಲಿ ತೋರಿಸಿಕೊಟ್ಟನು.

ಹಾಗೆಂದು ಹಾವಸೆಯನ್ನು 'ಕೀಳು ಸಸ್ಯ' ಎಂದು ತಳ್ಳಿಹಾಕಬೇಡಿ. ಪೂರ್ತಿ ಒಣಗಿದ ಹತ್ತಿಗಿಡ ಮತ್ತೆ ಚಿಗುರದು. ಆದರೆ ಬೇಸಿಗೆಯಲ್ಲಿ ಕಂದಿ ಮುದುಡಿದ ಎಷ್ಟೋ ಹಾವಸೆಗಳು ನಾಲ್ಕು ಹನಿ ನೀರು ಬಿದ್ದೊಡನೆ ಎಲೆ ಬಿಚ್ಚುತ್ತವೆ. ಚಿಟಿಕೆಯಷ್ಟನ್ನು ತಂದು, ನೀರು ಹನಿಸಿ, ಮಸೂರದಲ್ಲಿ ನೋಡಿ. ಚಿಟಿಕೆಯಷ್ಟು ಮಾತ್ರ. ಬಯಲುಸೀಮೆಯ ಹಳೆಯ ಬಾವಿಯೊಂದರ ಒಳಗೋಡೆಯ ಮೇಲಿರುವ ಆ ಹಸಿರು ತೇಪೆ, ಆ ಊರಿಗೆಲ್ಲ ಒಂದೇ ಇದ್ದೀತು. ಅದನ್ನು ಕೆರೆದು ತೆಗೆದರೆ ನಿಮ್ಮ ಬಳಿಕ ಬರುವವರಿಗೆ ನೋಡಲು ಏನೂ ಉಳಿಯದು.