ನಾನು ಹುಟ್ಟಿದ್ದು ಅಡಿಕೆಯ ಧಾರಣೆ ಬಿದ್ದ ವರ್ಷ

(ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರರೂಪ. ಮಾತಿನ ಧಾಟಿಯನ್ನು ಹಾಗೆಯೇ ಉಳಿಸಿಕೊಂಡಿದ್ದೇವೆ.)

ಇವತ್ತಿನ ಪ್ರಶ್ನೆ ಸಣ್ಣದು. ನೀವು ಹುಟ್ಟಿದ ವರ್ಷ ಏನೇನಾಯ್ತು ಅಂತ ನಿಮಗೆ ಗೊತ್ತುಂಟಾ?

ನನ್ನದು 2000. 2025ರಲ್ಲಿ 25 ತುಂಬಿತು. ಊರು ಸುಳ್ಯ ತಾಲೂಕಿನ ಅಜ್ಜಾವರ. ಗೊತ್ತಿಲ್ಲದವರಿಗೆ ದಾರಿ ಹೇಳ್ತೇನೆ: ಸುಳ್ಯ ಪೇಟೆಯಿಂದ ಹೊರಟು ಕಾಂತಮಂಗಲದಲ್ಲಿ ಪಯಸ್ವಿನಿ ಹೊಳೆ ದಾಟಿದರೆ ನಮ್ಮ ಕಡೆ. ಮುಂದೆ ಹೋದರೆ ಮಂಡೆಕೋಲು, ಅದರಾಚೆ ಕೇರಳ. ಹೊಳೆಯೂ ಆ ಕಡೆಗೇ ಹೋಗಿ ಕಾಸರಗೋಡಿನಲ್ಲಿ ಚಂದ್ರಗಿರಿ ಅಂತ ಹೆಸರು ಬದಲಿಸಿಕೊಳ್ತದೆ.

ಹುಟ್ಟಿದ ವರ್ಷ ಹಾಕಿ ಮೊಬೈಲಲ್ಲಿ ಹುಡುಕಿದರೆ ಒಂದು ಪಟ್ಟಿ ಸಿಗ್ತದೆ. ನನ್ನ ಪಟ್ಟಿ ಚಂದ ಉಂಟು. ವರ್ಷದ ಮೊದಲ ದಿನವೇ ಕಂಪ್ಯೂಟರ್‌ಗಳೆಲ್ಲ ಕೈಕೊಡ್ತವೆ ಅಂತ ಜಗತ್ತೇ ಹೆದರಿತ್ತು, ಹೇಳಿಕೊಳ್ಳುವಂಥದ್ದು ಏನೂ ಆಗಲಿಲ್ಲ. ಮೇ 11ಕ್ಕೆ ಭಾರತದ ಜನಸಂಖ್ಯೆ 100 ಕೋಟಿ ಮುಟ್ಟಿತು ಅಂತ ಸರಕಾರ ಘೋಷಿಸಿತು, ದೆಹಲಿಯ ಒಂದು ಹೆಣ್ಣುಮಗುವನ್ನು ನೂರು ಕೋಟಿಯ ಮಗು ಅಂತ ಕರೆದರು. ನಾನು ಮೂರು ತಿಂಗಳು ತಡ, ಹಾಗಾಗಿ ನನ್ನ ಫೋಟೋ ಯಾರೂ ತೆಗೆಯಲಿಲ್ಲ. ಜುಲೈ 3ಕ್ಕೆ ಅಮಿತಾಭ್ ಬಚ್ಚನ್ ಅವರ ‘ಕೌನ್ ಬನೇಗಾ ಕರೋಡ್‌ಪತಿ’ ಶುರು. ಸೆಪ್ಟೆಂಬರ್‌ನಲ್ಲಿ ಸಿಡ್ನಿ ಒಲಿಂಪಿಕ್ಸಲ್ಲಿ ಕರ್ಣಂ ಮಲ್ಲೇಶ್ವರಿ ಅವರಿಗೆ ಕಂಚು. ನವೆಂಬರ್‌ನಲ್ಲಿ ಛತ್ತೀಸ್‌ಗಢ, ಉತ್ತರಾಂಚಲ, ಜಾರ್ಖಂಡ್ ಅಂತ ಮೂರು ಹೊಸ ರಾಜ್ಯ.

ಈ ಪಟ್ಟಿಯನ್ನು ಹಿಡಿದುಕೊಂಡು ಮನೆಯಲ್ಲಿ ಒಬ್ಬೊಬ್ಬರನ್ನೇ ಕೇಳ್ತಾ ಹೋದೆ. ಫೋನಲ್ಲಿ ರೆಕಾರ್ಡಿಂಗ್ ಆನ್ ಮಾಡಿ ಇಟ್ಟಿದ್ದೆ. ಒಂದೇ ಒಂದು ವಿಷಯ ಬಿಟ್ಟು ಬೇರೇನೂ ಯಾರಿಗೂ ನೆನಪಿಲ್ಲ. ಕರೋಡ್‌ಪತಿ ನೋಡಲಿಕ್ಕೆ ನಮ್ಮಲ್ಲಿ ಕೇಬಲ್ ಎಲ್ಲಿತ್ತು? ದೂರದರ್ಶನ ಮಾತ್ರ, ಅದೂ ಯಾರಾದರೂ ಹೊರಗೆ ಹೋಗಿ ಆಂಟೆನಾ ತಿರುಗಿಸಿ, “ಈಗ ಬಂತಾ?” ಅಂತ ಕೂಗಿದ ಮೇಲೆ.

ಎಲ್ಲರಿಗೂ ನೆನಪಿದ್ದ ಆ ಒಂದು ವಿಷಯ, ನೀವು ಊಹಿಸಿರ್ತೀರಿ, ರಾಜ್‌ಕುಮಾರ್ ಅಪಹರಣ. ಜುಲೈ 30ರ ರಾತ್ರಿ ಗಾಜನೂರಿನ ತೋಟದ ಮನೆಯಿಂದ ವೀರಪ್ಪನ್ ಅವರನ್ನು ಕಾಡಿಗೆ ಕರೆದುಕೊಂಡು ಹೋದ. ಅಣ್ಣಾವ್ರಿಗೆ ಆಗ 71 ವರ್ಷ. ನಮ್ಮಲ್ಲಿ ಅದು ಆಟಿ ಅಮಾವಾಸ್ಯೆಯ ಹೊತ್ತು. ಗೊತ್ತಲ್ಲ, ಬೆಳಗ್ಗೆ ಖಾಲಿ ಹೊಟ್ಟೆಗೆ ಹಾಲೆ ಮರದ ಕೆತ್ತೆಯ ಕಷಾಯ ಕುಡಿಯುವ ದಿನ. ಅಜ್ಜಿ ಕಷಾಯಕ್ಕೆ ಒಗ್ಗರಣೆ ಹಾಕ್ತಾ ಇದ್ದರಂತೆ, ಜಗಲಿಯ ರೇಡಿಯೋದಲ್ಲಿ ಸುದ್ದಿ ಬಂತಂತೆ. “ಅಷ್ಟು ದೊಡ್ಡ ಜನವನ್ನೇ ಹೊತ್ತುಕೊಂಡು ಹೋದ್ರಲ್ಲ, ಇನ್ನು ನಮ್ಮಂಥವರ ಗತಿ ಏನು?” ಅಂದದ್ದು ಅಜ್ಜಿ. ಅಮ್ಮ ಆಗ ತುಂಬು ಬಸುರಿ. ಅಲ್ಲಿಂದ ಎರಡು ವಾರಕ್ಕೆ ನಾನು. ಅಣ್ಣಾವ್ರು ಬಿಡುಗಡೆಯಾಗಿ ಬಂದದ್ದು 108 ದಿನ ಆದ ಮೇಲೆ, ನವೆಂಬರ್ 15ಕ್ಕೆ. ಅಷ್ಟೊತ್ತಿಗೆ ನಾನು ಕವುಚಿ ಬೀಳಲು ಕಲಿಯುತ್ತಿದ್ದೆ ಅಂತ ಅಮ್ಮನ ಲೆಕ್ಕ. ಅಮ್ಮ ನನ್ನ ತಿಂಗಳುಗಳನ್ನು ಲೆಕ್ಕ ಹಾಕುವುದು ಈಗಲೂ ಹಾಗೆಯೇ, ಅವರು ಕಾಡಲ್ಲಿದ್ದಾಗ, ಅವರು ಬಂದ ಮೇಲೆ ಅಂತ.

ನಾನು ಹುಟ್ಟಿದ ಸುದ್ದಿ ಅಜ್ಜಿಗೆ ತಲುಪಿದ್ದು ಮರುದಿನ. ಸುಳ್ಯದ ಆಸ್ಪತ್ರೆಗೆ ಬಾಡಿಗೆ ಜೀಪಲ್ಲಿ ಹೋದದ್ದು, ಹಿಂದೆ ಬಂದ ಜೀಪಿನವರೇ ಸುದ್ದಿ ಹೇಳಿದ್ದು. ಮನೆಗೆ ಫೋನ್ ಇರಲಿಲ್ಲ. ಅರ್ಜಿ ಕೊಟ್ಟು ಕಾಯಬೇಕಿತ್ತು ಆಗ. ಬಿಎಸ್‌ಎನ್‌ಎಲ್ ಅನ್ನುವ ಕಂಪೆನಿಯೇ 2000ದ ಅಕ್ಟೋಬರ್ 1ಕ್ಕೆ ಶುರುವಾದದ್ದು, ಅಂದರೆ ಅದು ನನಗಿಂತ ಸಣ್ಣದು ಮಾರಾಯ್ರೆ! ಅದರ ಮೊಬೈಲ್ ಸೇವೆ ಬರಲು 2002 ಆಯ್ತು. ಮೊಬೈಲ್ ಇದ್ದವರೂ ಬರುವ ಕರೆಗೆ ದುಡ್ಡು ಕೊಡಬೇಕಿದ್ದ ಕಾಲ ಅದು.

ಸರಿ, ಇಷ್ಟು ನಗು. ಈಗ ಅಪ್ಪನ ಉತ್ತರಕ್ಕೆ ಬರುವ. “ನಾನು ಹುಟ್ಟಿದ ವರ್ಷ ಏನಾಗಿತ್ತಪ್ಪ?” ಅಂತ ಕೇಳಿದ್ದಕ್ಕೆ ಅಪ್ಪ ತಲೆ ಎತ್ತದೆ ಹೇಳಿದ್ದು ಎರಡೇ ಶಬ್ದ: “ಅಡಿಕೆ ಬಿತ್ತು.”

ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬೆಂಗಳೂರು, ಹುಬ್ಬಳ್ಳಿಯಲ್ಲಿ ಕೂತು ಕೇಳುವವರಿಗೆ ಹೇಳ್ತೇನೆ. 1999ರ ತನಕ ಅಡಿಕೆಗೆ ಒಳ್ಳೆ ಧಾರಣೆ ಇತ್ತು. ಧಾರಣೆ ಅಂದರೆ ಮಾರುಕಟ್ಟೆ ರೇಟು, ಪೇಪರ್ ಬಂದ ಕೂಡಲೇ ನಮ್ಮ ಅಜ್ಜಂದಿರು ಮೊದಲು ನೋಡುತ್ತಿದ್ದ ಮೂಲೆ. 2000ದಿಂದ ಅದು ಇಳಿಯಲು ಶುರು. ಎರಡು ವರ್ಷದ ಒಳಗೆ ಅರ್ಧಕ್ಕಿಂತ ಕೆಳಗೆ ಬಂತು.

ಯಾಕೆ ಬಿತ್ತು? ಒಂದು ಕಾರಣ ನಮ್ಮ ಅಂಗಳದಲ್ಲೇ ಇತ್ತು. ಅಡಿಕೆ ಸಸಿ ನೆಟ್ಟರೆ ಫಸಲು ಕೊಡಲು ಐದಾರು ವರ್ಷ ಬೇಕು. ಧಾರಣೆ ಏರಿದಾಗ ಎಲ್ಲರೂ ನೆಡ್ತಾರೆ, ಎಲ್ಲರದ್ದೂ ಒಟ್ಟಿಗೆ ಫಲ ಬಿಡ್ತದೆ. ತೊಂಬತ್ತರ ದಶಕದಲ್ಲಿ ಹೀಗೆ ತುಂಬಾ ತೋಟ ಎದ್ದಿತು. ಅದರ ಮೇಲೆ ಆಮದಿನ ಭಯ. ಶ್ರೀಲಂಕಾ ಜೊತೆಗಿನ ಮುಕ್ತ ವ್ಯಾಪಾರ ಒಪ್ಪಂದ ಜಾರಿಗೆ ಬಂದದ್ದು 2000ದ ಮಾರ್ಚ್ 1ಕ್ಕೆ. ನೂರಾರು ಸರಕುಗಳ ಆಮದಿನ ಮೇಲಿದ್ದ ಪರಿಮಾಣದ ಮಿತಿಯನ್ನು ಭಾರತ ತೆಗೆದದ್ದು ಅದೇ ಏಪ್ರಿಲ್‌ನಲ್ಲಿ. ಹೊರಗಿನ ಅಡಿಕೆ ಬಂದು ನಮ್ಮದನ್ನು ಕೇಳುವವರಿಲ್ಲದಂತಾಗ್ತದೆ ಅನ್ನುವ ಮಾತು ಪ್ರತಿ ಸೊಸೈಟಿಯ ಜಗಲಿಯಲ್ಲೂ ಇತ್ತಂತೆ.

ಹೀಗೆ ಬೀಳುವುದು ಅದೇ ಮೊದಲೇನೂ ಅಲ್ಲ. ಎಪ್ಪತ್ತರ ದಶಕದ ಆರಂಭದಲ್ಲೂ ಬೆಳೆಗಾರ ಕಂಗಾಲಾಗಿದ್ದ. ವಾರಣಾಶಿ ಸುಬ್ರಾಯ ಭಟ್ಟರು ಕರ್ನಾಟಕ, ಕೇರಳ ಎರಡೂ ಕಡೆಯವರನ್ನು ಸೇರಿಸಿ 1973ರಲ್ಲಿ ಕ್ಯಾಂಪ್ಕೊ ಕಟ್ಟಿದ್ದು ಆ ಪೆಟ್ಟು ತಿಂದ ಮೇಲೆ. ನೀವು ತಿನ್ನುವ ಕ್ಯಾಂಪ್ಕೊ ಚಾಕಲೇಟು ಬಂದದ್ದು ಆಮೇಲೆ, ಪುತ್ತೂರಿನ ಫ್ಯಾಕ್ಟರಿ 1986ರದ್ದು.

ನಮ್ಮ ಮನೆ ಕತೆ ಹೀಗೆ. ಮನೆ ಎದುರು ಬೈಲಿನಲ್ಲಿ ಗದ್ದೆ ಇತ್ತು. ವರ್ಷಕ್ಕೆ ಎರಡು ಬೆಳೆ ಭತ್ತ, ಮನೆ ಖರ್ಚಿಗೆ ಸಾಕಾಗುತ್ತಿತ್ತು. ತೊಂಬತ್ತರ ದಶಕದಲ್ಲಿ ಅಜ್ಜ ಅದಕ್ಕೆ ಮಣ್ಣು ತುಂಬಿಸಿ, ಕಣಿ ತೆಗೆಸಿ, ಅಡಿಕೆ ನೆಟ್ಟರು. ಅಜ್ಜಿ ಬೇಡ ಅಂದರಂತೆ. ಆ ತೋಟದ ಮೊದಲ ದೊಡ್ಡ ಫಸಲು ಒಣಗಿದ್ದು ನಾನು ಹುಟ್ಟುವ ಮುಂಚಿನ ಬೇಸಗೆಯಲ್ಲಿ. ನಲವತ್ತು ಚಿಲ್ಲರೆ ಬಿಸಿಲು ತಿಂದ ಮೇಲೆ ಸುಲಿದು, ಪಟೋರ, ಕರಿಗೋಟು ಬೇರೆ ಮಾಡಿ, ಒಳ್ಳೆಯದನ್ನು ಗೋಣಿಯಲ್ಲಿ ಕಟ್ಟಿ ಅಟ್ಟದಲ್ಲಿಟ್ಟರು. ಹಳತಾದರೆ ರೇಟು ಜಾಸ್ತಿ ಅಲ್ವಾ. “ಸ್ವಲ್ಪ ನಿಲ್ಲುವ, ಏರ್ತದೆ” ಅಂತ ಅಪ್ಪ. ಚೌತಿಗೆ ಏರ್ತದೆ, ದೀಪಾವಳಿಗೆ ಏರ್ತದೆ. ಏರಲಿಲ್ಲ. ಕೊಟ್ಟದ್ದು ಮರು ವರ್ಷ, ಹೊಸ ಅಡಿಕೆ ಅಂಗಳಕ್ಕೆ ಬಂದು ಅಟ್ಟದಲ್ಲಿ ಜಾಗ ಇಲ್ಲದಾದಾಗ.

ಅಜ್ಜಿ ಇದನ್ನು ಒಂದೇ ಉಸಿರಲ್ಲಿ ಹೇಳಿಬಿಡ್ತಾರೆ: “ನೀನು ಹುಟ್ಟಿದ ವರ್ಷ ಮನೆಯಲ್ಲಿ ಅಡಿಕೆ ತುಂಬಾ ಇತ್ತು ಮಗಾ, ಅಕ್ಕಿಯನ್ನು ಅಂಗಡಿಯಿಂದ ತಂದೆವು.” ಆಟಿ ಅಂದರೆ ಹೇಗೂ ಕಷ್ಟದ ತಿಂಗಳು. ಉಪ್ಪಲ್ಲಿ ಹಾಕಿಟ್ಟ ಹಲಸಿನ ತೊಳೆ, ಹಲಸಿನ ಬೀಜ, ಪತ್ರೊಡೆ, ಚಗ್ತೆ ಸೊಪ್ಪು. ಇದೆಲ್ಲ ಈಗ ‘ಆಟಿ ಸ್ಪೆಷಲ್’ ಅಂತ ರೀಲ್ಸಲ್ಲಿ ಬರ್ತದೆ. ಅಜ್ಜಿಗೆ ಆ ರೀಲ್ಸ್ ತೋರಿಸಿದೆ. ಅವರು ನಗಲಿಲ್ಲ.

ಆ ಬೀಳುವಿಕೆಯಲ್ಲಿ ನಮ್ಮ ಮನೆಯಿಂದ ಹೊರಗೆ ಹೋದವರು ಚಿಕ್ಕಪ್ಪ. ಪಿಯುಸಿ ಆಗಿತ್ತು, ಮುಂದೆ ಓದುವ ಮನಸ್ಸಿತ್ತು. 2001ರಲ್ಲಿ ಬೆಂಗಳೂರಿನ ಬಸ್ಸು ಹತ್ತಿ ಹೋಟೆಲ್ ಒಂದರ ಕ್ಯಾಶಲ್ಲಿ ಕೂತರು. ಈಗ ಅವರದ್ದೇ ಸಣ್ಣ ಅಂಗಡಿ ಉಂಟು. ನಾನು ಫೋನ್ ಮಾಡಿ ಕೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದರು. ಮತ್ತೆ, “ರೇಟು ಇದ್ದಿದ್ರೆ ನಾನು ಮಂಗಳೂರಲ್ಲಿ ಡಿಗ್ರಿ ಮಾಡ್ತಿದ್ದೆ. ಈಗ ಏನು ಅದೆಲ್ಲ” ಅಂದರು. ನನ್ನನ್ನು ಮಗುವಾಗಿದ್ದಾಗ ಅವರು ಎತ್ತಿಕೊಂಡ ಒಂದೇ ಒಂದು ಫೋಟೋ ಉಂಟು. ಅದರಲ್ಲಿ ಅವರು ನನಗಿಂತ ಸಣ್ಣವರು. ಈಗಿನ ನನಗಿಂತ, ಅಂತ.

ಗಡಿಯಾಚೆ ಅದೇ ವರ್ಷ ಇನ್ನೊಂದು ನಡೆದಿತ್ತು, ಹೇಳದೆ ಮುಂದೆ ಹೋಗಲಿಕ್ಕೆ ಆಗುವುದಿಲ್ಲ. ಕಾಸರಗೋಡಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸುತ್ತಿದ್ದರು. ಎಪ್ಪತ್ತರ ದಶಕದ ಕೊನೆಯಿಂದ ನಡೆದು ಬಂದದ್ದು ನಿಂತದ್ದು 2000ದ ಅಂತ್ಯಕ್ಕೆ. ಎಣ್ಮಕಜೆಯ ಪಡ್ರೆಯಲ್ಲಿ ಡಾಕ್ಟರ್ ವೈ.ಎಸ್. ಮೋಹನ ಕುಮಾರ್, ಪತ್ರಕರ್ತ ಶ್ರೀಪಡ್ರೆ ಇವರೆಲ್ಲ ಆ ವಿಷಯವನ್ನು ಹೊರಗೆ ತಂದರು. ನಮ್ಮ ಜಿಲ್ಲೆಯಲ್ಲೂ ಕೊಕ್ಕಡದ ಕಡೆ ಅದರ ಗಾಯ ಉಂಟು. ಸುಪ್ರೀಂ ಕೋರ್ಟ್ ದೇಶಾದ್ಯಂತ ತಡೆ ಹಾಕಿದ್ದು 2011ರಲ್ಲಿ, ನಾನು ಆರನೇ ಕ್ಲಾಸಿನ ಆಸುಪಾಸು. ನನ್ನದೇ ವರ್ಷದಲ್ಲಿ ಹುಟ್ಟಿ ಇವತ್ತಿಗೂ ಹಾಸಿಗೆಯಿಂದ ಏಳಲಾಗದವರು ಅಲ್ಲಿದ್ದಾರೆ. ಅವರ ತಾಯಂದಿರಿಗೆ ಅಣ್ಣಾವ್ರ 108 ದಿನ ನೆನಪಿರಲಿಕ್ಕಿಲ್ಲ.

ಈಗ ಯಾಕೆ ಇದೆಲ್ಲ ಕೆದಕಿದೆ ಅಂತ ಕೇಳಬಹುದು. ಕಾರಣ ಉಂಟು. ಚಾಲಿ ಅಡಿಕೆ ಕಿಲೋಗೆ 500 ರೂಪಾಯಿ ದಾಟಿದ್ದನ್ನು ನಾವು ನೋಡಿಯಾಯ್ತು. ಮತ್ತೆ ಎಲ್ಲರೂ ನೆಡ್ತಿದ್ದಾರೆ. ನಮ್ಮಲ್ಲಿ ಮಾತ್ರ ಅಲ್ಲ, ನೀರಾವರಿ ಸಿಕ್ಕಿದ ಬಯಲುಸೀಮೆಯಲ್ಲೂ. ಅತ್ತ ಸಂಪಾಜೆ, ಅರಂತೋಡು, ಮರ್ಕಂಜದ ಕಡೆ ಹಳದಿ ಎಲೆ ರೋಗಕ್ಕೆ ತೋಟವೇ ಖಾಲಿಯಾದವರಿದ್ದಾರೆ. ಅದನ್ನು ಪೂರ್ತಿ ಗುಣ ಮಾಡುವ ಮದ್ದು ಇನ್ನೂ ಸಿಕ್ಕಿಲ್ಲ. ನಮ್ಮಲ್ಲಿ ಉಳಿದದ್ದು ಒಂದೇ ಒಂದು ಗದ್ದೆ, ಮನೆ ಹಿಂದಿನದ್ದು. ಅದಕ್ಕೂ ಸಸಿ ಇಡುವ ಅಂತ ಅಪ್ಪ. ನಾನು ಮಂಗಳೂರಿನ ಕೆಲಸ ಬಿಟ್ಟು ಬಂದು ನೋಡಿಕೊಳ್ಳಬೇಕು ಅಂತಲೂ ಅವರ ಆಸೆ. ಬರಲು ನನಗೆ ಮನಸ್ಸಿಲ್ಲ ಅಂತಲ್ಲ. ಆದರೆ ಆ ಗದ್ದೆಗೆ ಅಡಿಕೆ ಬೇಡ ಅಂತ ಹೇಳಿದ್ದೇನೆ. ಅಜ್ಜಿ ನನ್ನ ಪಕ್ಷ. ಅಪ್ಪ ಇನ್ನೂ ಒಪ್ಪಿಲ್ಲ, ಮಳೆ ಮುಗಿಯಲಿ ನೋಡುವ ಅಂತ ಮಾತು ನಿಂತಿದೆ.

ಮುಂದಿನ ವಾರಕ್ಕೆ ನಿಮಗೊಂದು ಕೆಲಸ. ಮನೆಯಲ್ಲಿ ಹಿರಿಯರ ಹತ್ತಿರ ಕೂತು ಕೇಳಿ, ನಾನು ಹುಟ್ಟಿದ ವರ್ಷ ಅಕ್ಕಿ ಎಲ್ಲಿಂದ ಬಂತು, ಸಾಲ ಇತ್ತಾ, ಯಾರು ಊರು ಬಿಟ್ಟು ಹೋದರು ಅಂತ. ಅವರು ಒಪ್ಪಿದರೆ ರೆಕಾರ್ಡ್ ಮಾಡಿ ವಾಯ್ಸ್ ನೋಟ್ ಕಳಿಸಿ, ಎರಡು ನಿಮಿಷದ ಒಳಗೆ ಇರಲಿ. ಹೊರಗಿನ ಮಳೆ ಸದ್ದು ಬಂದರೆ ಪರವಾಗಿಲ್ಲ, ನನ್ನ ರೆಕಾರ್ಡಿಂಗಲ್ಲೂ ಪೂರ್ತಿ ಅದೇ ಇತ್ತು.